ಕೋಸಿಗಿ ಕಟಿಂಗು

ಮೂವತ್ತೊಂದು ವರ್ಷ ಸುತ್ತಿಗೆ ಹೊತ್ತು ನಡೆದ ದಾರಿ,
ಕಿಟಕಿ ಪಕ್ಕ ಕುಂತು ನೋಡಿದ್ದಿಲ್ಲ ನಮ್ಮಾತ.
ನಾನಂತೂ ಕುಂತೂ ನೋಡಿಲ್ಲ, ನಡೆದೂ ನೋಡಿಲ್ಲ.
ರಿಟೈರಾದ ಮ್ಯಾಲೆ ಕೊಟ್ಟ ಪಾಸು
ಪೆಟ್ಟಿಗ್ಯಾಗ ಮಡಿಚಿಟ್ಟು ಮಡಿಚಿಟ್ಟು
ಗೆರೆಗುಂಟ ಹರಿಯಾಕ ಬಂದಾಗ
ಹೊಂಟಿವಿ, ಆದವಾನಿಯಿಂದ ರಾಯಚೂರಿಗೆ.
ಕೆಲಸ ಏನಿಲ್ಲ. ಸುಮ್ಮನ.

ಉಗ್ಗಾಣಿ ಪೊಟ್ಟಣ ಬಿಚ್ಚಿದೆ, ಬಜ್ಜಿ ಇನ್ನೂ ಬಿಸಿ.
ಕುಪಗಲ್ಲು ದಾಟಿದ ಮ್ಯಾಲೆ ಎರೆಹೊಲ ಹಿಂದ ಸರಿದು
ಬಳ್ಳಾರಿಜಾಲಿ, ಕಳ್ಳಿ, ಮತ್ತ ಜಾಲಿ,
ಆಮ್ಯಾಲೆ ಜಾಲಿಗೂ ಬ್ಯಾಸರಾಗಿ ಬರೇ ಬಂಡಿಗಲ್ಲು.
ಈ ಕಡಿಗೆ ಮಳಿ ಬರೋದು
ಮುನಿಸಿಕೊಂಡ ಬೀಗರು ಬಂದಂಗ:
ಕುಂತಂಗ ಮಾಡಿ, ನೀರೂ ಕುಡಿಯದ ಎದ್ದು ಹೋಗತಾರ.

"ಬಂತು ಕಟಿಂಗು" ಅಂದ ನಮ್ಮಾತ.
ಕಿಟಕಿಗೆ ಹಣಿ ಹಚ್ಚಿದೆ.
ರಾತ್ರಿ ಉಣ್ಣುವಾಗ ಕೇಳಿ ಕೇಳಿ ನನಗ ಬಾಯಿಪಾಠ,
ಮೊದಲಿಗೆ ಮುದುಕಿ ಬೆನ್ನು, ಆಮ್ಯಾಲೆ ಹಲ್ಲುದುರಿದ ಕಲ್ಲು,
ಉಡ ಮೈ ಕಾಯಿಸಿಕೊಳ್ಳೋ ಚಪ್ಪಡಿ,
ಮೇಸ್ತ್ರಿ ಮೌಲಾಲಿ ಬಿಸಿಲು ಬಡಿದು ಬಿದ್ದ ತಿರುವು.
ಹಳಿ ಬಿಸಿಲಿಗೆ ಹಾವಿನಂಗ ಸೊಟ್ಟಾಗತೈತಿ ಅಂತ
ಚೈತ್ರ ವೈಶಾಖ ಪೂರಾ ಮಧ್ಯಾಹ್ನವೇ ನಡೀಬೇಕು.
ಉರುಕುಂದಪ್ಪನ ಕಿವಿ ಅಂದ್ರ ಗ್ಯಾಂಗಿನಾಗ ಹೆಸರುವಾಸಿ,
ಸುತ್ತಿಗೆ ತಾಕಿಸಿದರ ಸಾಕು,
ಯಾವ ಚಾವಿ ಹುಸಿ ಹೇಳತೈತಿ ಅಂತ ತಿಳೀತಿತ್ತಂತ.

ಎರಡೂ ಕಡೆ ಕಲ್ಲು ಎದ್ದು ನಿಂತವು.
ಡಬ್ಬಿಯೊಳಗ ಬೆಳಕು ಬಣ್ಣ ತಿರುಗಿತು,
ತಾಮ್ರದ ಕೊಡದಾಗ ಇಣುಕಿ ನೋಡಿದಂಗ.
ಕಾಲೇಜು ಹುಡುಗರು ಫೋನು ಹಿಡಿದು ಬಾಗಿಲಿಗೆ ಓಡಿದರು.
ಒಬ್ಬ ಕೂ ಅಂತ ಒದರಿದ, ಕಲ್ಲೂ ಕೂ ಅಂತು.
ಒಬ್ಬಾಕಿ ಕೆನ್ನಿಗೆ ಕೈ ಹಚ್ಚಿಕೊಂಡು "ಎಷ್ಟು ಚೆಂದ" ಅಂದಳು.
ನಾನು ಬೆರಳು ಮಡಚಿ ಎಣಿಸಾಕ ಕುಂತಿದ್ದೆ.
ಮುದುಕಿ ಬೆನ್ನು ಯಾವುದು? ಎಲ್ಲವೂ ಬೆನ್ನಿನಂಗೇ ಅದಾವ.
ನಾನು ಮನಸಿನಾಗ ಪೇರಿಸಿಕೊಂಡಿದ್ದ ಕಲ್ಲು
ಇವಕ್ಕಿಂತ ದೊಡ್ಡವು, ಕರಿಯವು,
ನಡುವಿನ ದಾರಿ ಇಷ್ಟು ಅಗಲ ಇರಲೇ ಇಲ್ಲ.

"ಯಾವುದಪ ಅದು?" ಅಂತ ತಿರುಗಿದರ
ಕಣ್ಣು ಮುಚ್ಚಿ ಕುಂತಾನ.
ನಿದ್ದಿ ಅಲ್ಲ. ಕಾಲಿನ ಹೆಬ್ಬೆರಳು ಅಲುಗತೈತಿ
ಹಳಿಯ ಒಂದೊಂದು ಗಂಟಿಗೂ.
ಮುಕ್ಕಾಲು ತಾಸಿನ ನಡಿಗಿ
ಎರಡು ನಿಮಿಷದಾಗ ಕಾಲ ಕೆಳಗ ಓಡತಿತ್ತು,
ಹೆಬ್ಬೆರಳಿಗೆ ಉಸಿರು ಸಿಗಲಿಲ್ಲ.

ಆಗ ಕಂಡಿತು.
ಕಲ್ಲಿನಾಗ ಕಡಿದ ಗೂಡು, ಆಳೆತ್ತರ,
ಗಾಡಿ ಬಂದಾಗ ಬೆನ್ನು ಹಚ್ಚಿ ನಿಂದ್ರೋ ಜಾಗ.
ಹಸಿರು ಬಾವುಟ ಹಿಡಿದ ಹುಡುಗ, ಮೀಸಿ ಈಗ ಮೂಡತೈತಿ,
ಹುಬ್ಬಿನ ಮ್ಯಾಲೆ ಧೂಳು.
ಯಾವ ಕಿಟಕಿಯನ್ನೂ ನೋಡಲಿಲ್ಲ, ಗಾಲಿ ನೋಡತಿದ್ದ.
ಅವನ ತಲಿ ಮ್ಯಾಲೆ ಮೊಳೆ.
ಅದೇ ಮೊಳೆ! ಮದುವಿ ಆದ ವರ್ಷ
ಬುತ್ತಿಗೆ ಇರುವಿ ಹತ್ಯಾವ ಅಂತ ನಾನು ಬೈದಿದ್ದಕ್ಕ
ಸಂದಿಗೆ ಬಡಿದು ಬಂದೀನಿ ಅಂದಿದ್ದ.
ಈಗ ಅದಕ್ಕ ನೀಲಿ ಚೌಕುಳಿ ಬಟ್ಟಿ, ಒಳಗ ಬುತ್ತಿ,
ಗಂಟು ಎಡಕ್ಕ.
ನಾನು ಬಲಕ್ಕ ಹಾಕತಿದ್ದೆ.
ಯಾವಾಕಿ ಕಟ್ಟಿದ್ದೋ, ಎಷ್ಟೊತ್ತಿಗೆ ಎದ್ದಿದ್ದಳೋ.

ಹೇಳಬೇಕಂದೆ. ಬಾಯಾಗ ಬಜ್ಜಿ ಇತ್ತು.
ಅಷ್ಟರಾಗ ಕಲ್ಲು ಸರಿದು ಬಯಲು.
ಹುಡುಗರು ಬಂದು ಕುಂತು
ಹಿಡಿದಿದ್ದನ್ನ ಒಬ್ಬರಿಗೊಬ್ಬರು ತೋರಿಸಿಕೊಂಡರು.
ನನಗ ತೋರಿಸಾಕ ಏನೂ ಇರಲಿಲ್ಲ.

ತುಂಗಭದ್ರಾ ಸೇತುವಿ ಬಂತು. ಹೊಳಿಯಾಗ ನೀರು
ಒಂದು ಎಮ್ಮಿ ಮೀಸಾಡಾಕೂ ಸಾಲದು,
ಉಳಿದಿದ್ದೆಲ್ಲ ಉಸುಕು, ಟ್ರಾಕ್ಟರ್ ಗಾಲಿ ಗುರುತು.
ಆದರೂ ಒಂದು ರೂಪಾಯಿ ಹಣಿಗೆ ಒತ್ತಿಕೊಂಡು ಒಗದೆ.
ಹೊಳಿಗೆ ಮುಟ್ಟಲಿಲ್ಲ,
ಗರ್ಡರಿಗೆ ಬಡಿದು ಠಣ್ ಅಂತು.

ನಮ್ಮಾತ ತಟ್ಟನ ಕಣ್ಣು ತೆರೆದ.
"ಎಲ್ಲೋ ಒಂದು ಸಡಿಲಾಗೈತಿ" ಅಂದವನೇ
ಸೀಟಿನ ಕೆಳಗ ಬಗ್ಗಿ
ಚಪ್ಪಲಿ ಹುಡುಕಾಕ ಹತ್ತಿದ.