ರಟ್ಟು ಕಟ್ಟುವವಳು

ಖಡಕಿ ಸ್ಟೇಷನ್ನಿನ ಹಿಂದಿರುವ ನನ್ನ ಅಂಗಡಿಗೆ
ಅದನ್ನು ಸೈಕಲ್ ಕ್ಯಾರಿಯರಿಗೆ ಬಿಗಿದು ತಂದರು,
ಗೋಣಿತಟ್ಟಿನಲ್ಲಿ ಸುತ್ತಿ, ಗಾಯಾಳುವನ್ನು ತಂದ ಹಾಗೆ.
ಕನ್ನಡ ಸಭೆಯ ವೇದಿಕೆಯ ಪುಸ್ತಕ.
ಬೆನ್ನು ಮುರಿದಿತ್ತು,
ಸರಿಯಾಗಿ ಮಲಾಕಿ ಮುಗಿದು ಮತ್ತಾಯ ಶುರುವಾಗುವಲ್ಲಿ.

"ಎರಡು ಮಾಡಿಬಿಡ್ರಿ" ಎಂದ ಆಶೇರ್ ಹುಯಿಲಗೋಳ,
ಉಪದೇಶಿ, ಸೆಮಿನರಿ ಮುಗಿಸಿ ಆರು ತಿಂಗಳು,
ಕಾಲರಿನ ಇಸ್ತ್ರಿ ಇನ್ನೂ ಖಡಕ್ಕು.
"ಹೊಸಾದು ವೇದಿಕೆ ಮ್ಯಾಲೆ, ಹಳೇದು ಕಪಾಟಿನ್ಯಾಗ.
ಹಳೇದು ಬರೇ ನೆರಳು. ದೇಹ ಬಂದ ಮ್ಯಾಲೆ
ನೆರಳಿಗೆ ಯಾರರೆ ರಟ್ಟು ಹಾಕಸ್ತಾರೇನು?"

ತಿಮೊಥಿ ಕಾಕಾ, ಮದ್ದುಗುಂಡಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕಾಡತೂಸು ಎಣಿಸಿದವರು,
ಹ್ಯಾಂಡಲ್ಲು ಬಿಡದೆ ಹೇಳಿದರು:
"ನೆರಳಿಲ್ಲದ್ದಕ್ಕ ನಮ್ಮ ಬೆಟಗೇರಿ ಕಡೆ
ದೆವ್ವ ಅಂತಾರ, ತಮ್ಮಾ."

ಚಹಾ ತರಿಸಿದೆ. ಕಪ್ಪು ಖಾಲಿಯಾದವು, ಮಾತು ಆಗಲಿಲ್ಲ.
ಅಕ್ಷರ ಅಕ್ಷರವೂ ಪ್ರಮಾಣವೋ, ಒಳಗಿನ ಅರ್ಥ ಮಾತ್ರವೋ;
ಹಂದಿಮಾಂಸದ ಕಟ್ಟಳೆ ಬಿಟ್ಟವರು
ಹತ್ತನೆಯ ಪಾಲಿನ ಕಟ್ಟಳೆ ಏಕೆ ಬಿಡಲಿಲ್ಲ;
ಬಿಡು ಎಂದವರಾರು, ಹಿಡಿ ಎಂದವರಾರು.
ಡೆಕ್ಕನ್ ಕ್ವೀನ್ ಹಾಯುವಾಗ ಇಬ್ಬರೂ ನಿಲ್ಲಿಸಿದರು,
ಹಾದ ಮೇಲೆ ಬಿಟ್ಟ ಶಬ್ದದಿಂದಲೇ ಹಿಡಿದರು.

ಅವರು ಹೋದ ಮೇಲೆ ನಾನು ಹೊಲಿಗೆ ಬಿಚ್ಚಿದೆ.

ನನಗೆ ಗೊತ್ತಿರುವುದು ಕಾಗದ, ಮೈದಾ ಅಂಟು,
ಅದಕ್ಕೆ ಬೆರೆಸುವ ಚಿಟಿಕೆ ಮೈಲುತುತ್ತ.
ಒಂದು ಹುಳದ ತೂತು: ಯಾಜಕಕಾಂಡದಲ್ಲಿ ಹೊಕ್ಕು
ಅರಸರನ್ನು, ಕೀರ್ತನೆಗಳನ್ನು, ಸಿಟ್ಟಿನ ಪ್ರವಾದಿಗಳನ್ನು ಕೊರೆದು
ಲೂಕನಲ್ಲೆಲ್ಲೋ ಹೊಟ್ಟೆ ತುಂಬಿ ಸತ್ತಿದೆ.
ಸೂಜಿಯಷ್ಟು ದಾರಿ.
ಗಡಿಯಲ್ಲಿ ನಿಂತು ವಿಚಾರಿಸಿದ ಗುರುತಿಲ್ಲ.

ಹುಳ ತಿಂದ ಅಕ್ಷರಕ್ಕೆ ನಾನು ತಡವರಿಸಿದಾಗ
ಪಕ್ಕದ ಗೋಣಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಎಸ್ತೇರವ್ವ,
ಸಹಿಯ ಜಾಗದಲ್ಲಿ ಹೆಬ್ಬೆಟ್ಟೊತ್ತುವವಳು,
ತಲೆ ಎತ್ತದೆ ಆ ಶಬ್ದ ಹೇಳಿದಳು.
ಮುಂದಿನ ತೂತಿಗೂ ಹೇಳಿದಳು.
ಮೂರನೆಯದಕ್ಕೆ ತಪ್ಪು ಹೇಳಿದಳೆಂದು ಕಾಣುತ್ತದೆ,
ಆದರೆ ಅದು ಅಚ್ಚಿನದಕ್ಕಿಂತ ಚೆನ್ನಾಗಿರಬೇಕು.
ಹುಡುಗನಿಗೆ ಇದನ್ನು ಹೇಗೆ ಹೇಳುವುದು?

ಕೊನೆಗೆ ಆ ಮಡಿಕೆ.
ಮಲಾಕಿಯ ಕಡೆಯ ಪುಟ, ಮತ್ತಾಯನ ವಂಶಾವಳಿ,
ಎರಡೂ ಒಂದೇ ತಾವು, ನಡುವೆ ಮಡಚಿದ್ದು.
ಬೇರೆ ಮಾಡಬೇಕೆಂದರೆ ಕತ್ತರಿ ಹಾಕಬೇಕು.
ಕಾಕಾಗೆ ಹೇಳಿದ್ದರೆ ಕುಣಿದುಬಿಡುತ್ತಿದ್ದರು.
ಹೇಳಲಿಲ್ಲ. ಅದು ಛಾಪಖಾನೆಯವನ ಕಾಗದದ ಉಳಿತಾಯ;
ದೇವರ ಮನಸ್ಸು ಎನ್ನಲು ನನಗೆ ಬಾಯಿ ಬರಲಿಲ್ಲ.

ಮಡಿಕೆಯೊಳಗೆ ಅಚ್ಚಾಗದ ಒಂದು ಹಾಳೆ.
ಬೆಟಗೇರಿಯಿಂದ ಕಾರ್ಖಾನೆಗೆ ಬಂದ ಹನ್ನೊಂದು ಮನೆ,
ಯಾರದೋ ನಿಬ್ಬಿನಲ್ಲಿ: ಹುಟ್ಟು, ಮದುವೆ, ಮಣ್ಣು.
ಇನ್‌ಫ್ಲುಯೆಂಜಾದ ವರ್ಷ ಅಕ್ಷರ ಸಣ್ಣದಾಗುತ್ತವೆ,
ಜಾಗ ಸಾಲದೆ.
ನಮ್ಮಜ್ಜನ ಮೊದಲ ಮಗಳು ದೀನಾ, ೪ ದಿನ.
ಇದು ಹಳೇದರ ಪಾಲೋ, ಹೊಸಾದರ ಪಾಲೋ?
ಪುಟಸಂಖ್ಯೆ ಇಲ್ಲ.

ಶನಿವಾರವಾದರೂ ಕಮಿಟಿಯ ತೀರ್ಮಾನ ಬರಲಿಲ್ಲ,
ಮುಂಗಡವೂ.
ಯಾರೂ ಏನೂ ಹೇಳದಿದ್ದರೆ
ಬಂದದ್ದನ್ನು ಬಂದ ಹಾಗೆ ಹೊಲಿ, ಎನ್ನುತ್ತಿದ್ದ ಅಪ್ಪ.
ಹೊಲಿದೆ.
ಬೆನ್ನಿಗೆ ಎರಡು ಪದರ ಖಾದಿ, ಮೇಲೆ ಇಸ್ತ್ರಿಪೆಟ್ಟಿಗೆಯ ಭಾರ.

ಭಾನುವಾರ ಆಶೇರ್ ರಟ್ಟೆತ್ತಿದ.
ಹೊಸ ಅಂಟು ಎಷ್ಟು ಬಿಗಿದರೂ
ಪುಸ್ತಕ ತನ್ನ ಹಳೆ ಗಾಯದಲ್ಲೇ ಬಿಚ್ಚಿಕೊಂಡಿತು.
ಅವನು ಹಾಳೆ ತಿರುಗಿಸಲಿಲ್ಲ, ತುಸು ಹೊತ್ತು.
ನಾಲ್ಕನೆಯ ಸಾಲಿನಲ್ಲಿ ಅವನ ಮುತ್ತಜ್ಜ ಇದ್ದಾನೆ,
ನನಗೆ ಗೊತ್ತು.
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

ಆಮೇಲೆ ರೋಮಾಪುರದವರ ಕಡೆಗೆ ತಿರುವಿದ, ಓದಿದ,
ಕಾಕಾನ ಕಡೆ ಒಮ್ಮೆಯೂ ನೋಡದೆ.

ಆರುನೂರು ರೂಪಾಯಿ. ಇನ್ನೂ ಬಂದಿಲ್ಲ.