ಎರಡನೆಯ ಮಗ್ಗುಲು, ಮೂರನೆಯ ಹಾಡು

ಮಗಳು ಫೋನಿನಲ್ಲಿ ಹುಡುಕಿ ಕೊಟ್ಟಳು,
"ಇದೇನಾ ಅಪ್ಪಾ, ನಿನ್ನ ಆ ಗಲಾಟೆ?"
ಇದೇ.
ಬಾಲ್‌ಕ್ಲೂಥಾ ದಾಟಿದ ಮೇಲೆ ರಸ್ತೆಗೆ ನಾನೊಬ್ಬನೇ.
ಬೆನ್ನ ಹಿಂದೆ ಅರ್ಧ ತುಂಬಿದ ಟ್ಯಾಂಕರು,
ಬ್ರೇಕು ಒತ್ತಿದಾಗಲೆಲ್ಲ
ಒಂದು ಗಳಿಗೆ ತಡೆದು ನನ್ನನ್ನೇ ಮುಂದಕ್ಕೆ ದೂಡುವ ಹಾಲು.
ರಾತ್ರಿ ಎರಡೂಕಾಲು. ಹಚ್ಚಿದೆ.

ಮೊದಲು ಆ ಗಿಟಾರು,
ತುಕ್ಕು ಹಿಡಿದ ಗೇಟನ್ನು ಯಾರೋ ಒದ್ದು ತೆರೆದ ಹಾಗೆ.
ಆಮೇಲೆ ಡ್ರಮ್ಮು, ಬಸ್ಸು ತಪ್ಪಿದವನಂತೆ
ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬರುವುದು.
ಹಾಡುವವನಿಗೆ ಹಾಡಲು ಬರುತ್ತಿರಲಿಲ್ಲ.
ನಮಗೆ ಬೇಕಾಗಿದ್ದದ್ದೇ ಅದು.

ಡನೀಡಿನ್, ತೊಂಬತ್ತಮೂರರ ಜುಲೈ ಚಳಿ.
ಕಿಟಕಿಯ ಒಳಮೈಗೂ ಹಿಮ ಕಟ್ಟುವ ಬಾಡಿಗೆ ಮನೆ,
ಐದು ಜನಕ್ಕೆ ಒಂದು ಹೀಟರು, ಅದಕ್ಕೂ ಸರದಿ.
ಐಲ್ಸಾ ಯಾರದೋ ರೆಕಾರ್ಡಿನಿಂದ ಇಳಿಸಿ ತಂದ ಕ್ಯಾಸೆಟ್ಟು,
ಮೇಲೆ ಹಸಿರು ಶಾಯಿಯಲ್ಲಿ ಬ್ಯಾಂಡಿನ ಹೆಸರು, ಕಾಗುಣಿತ ತಪ್ಪು.

ಎರಡನೆಯ ಮಗ್ಗುಲು, ಮೂರನೆಯ ಹಾಡು.
'ನಾನು ಹಡಗುಕಟ್ಟೆಗೆ ಬಂದಾಗ' ಅನ್ನುತ್ತಾನೆ,
ಟಕ್.
"ಯಾರಾದ್ರೂ ಬ್ರೆಡ್ ತಂದ್ರಾ?"
ರಾವಿರಿಯ ದನಿ.
ಮೊಣಕೈ ಕೆಂಪು ಗುಂಡಿಗೆ ತಗುಲಿ ಅಳಿಸಿಹೋದ ನಾಲ್ಕು ಸೆಕೆಂಡು.
ಆಮೇಲೆ ಮತ್ತೆ ಹಾಡು, ಏನೂ ಆಗದವರ ಹಾಗೆ.
ಒಂದು ವಾರ ಅವನ ಸಂಗಡ ಮಾತು ಬಿಟ್ಟಳು ಐಲ್ಸಾ.
ಮೂವತ್ತು ವರ್ಷ ನಾನು ಗುನುಗಿದ್ದು ಹಾಗೇ:
ಹಡಗುಕಟ್ಟೆ, ಬ್ರೆಡ್ಡು, ಮಿಕ್ಕ ಸಾಲು.

ಇವತ್ತು ಅದು ನಿಲ್ಲಲಿಲ್ಲ.
'ಬಂದಾಗ ನೀನು ಕೋಟು ಮಡಿಸುತ್ತಿದ್ದೆ'
ಅಂದುಬಿಟ್ಟ, ಸಲೀಸಾಗಿ.
ಕೋಟು!
ಅಲ್ಲೇನೋ ಇದ್ದೀತು, ಗೊತ್ತಾಗಿದ್ದರೆ
ಭೂವಿಜ್ಞಾನದ ಪರೀಕ್ಷೆ ಬಿಟ್ಟು ಬರುತ್ತಿರಲಿಲ್ಲವೇನೋ
ಎಂದೆಲ್ಲ ಒಂದು ಕಾಲಕ್ಕೆ ಅಂದುಕೊಂಡವನು ನಾನು.

ಐಲ್ಸಾ ಈಗ ಇನ್ವರ್‌ಕಾರ್ಗಿಲ್‌ನಲ್ಲಿ ಹಲ್ಲಿನ ಡಾಕ್ಟರು,
ನನ್ನ ಎರಡು ದವಡೆಹಲ್ಲು ಕಿತ್ತದ್ದು ಅವಳೇ.
ಬಾಯಿ ತೆರೆದಿದ್ದರೂ ಈ ಮಾತು ಮಾತ್ರ ಬರಲಿಲ್ಲ.
ರಾವಿರಿ ಪರ್ತ್ ಕಡೆಯ ಗಣಿಗೆ ಹೋದ,
ಒಂದು ಕ್ರಿಸ್‌ಮಸ್ಸಿಗೆ ಫೋನು ಮಾಡಿದ್ದ, ಗಾಳಿ ಜೋರು, ಏನೂ ಕೇಳಲಿಲ್ಲ.

ಟ್ಯಾಂಕರನ್ನು ಬದಿಗೆ ಹಾಕಿ ಹಾಡು ಹಿಂದಕ್ಕೆ ಸರಿಸಿದೆ.
ಹಡಗುಕಟ್ಟೆ ಬಂತು. ದನಿ ಪೂರ್ತಿ ಇಳಿಸಿ
ಪಕ್ಕದ ಖಾಲಿ ಸೀಟಿಗೆ ಕೇಳಿದೆ,
ಅವನ ಹಾಗೇ, ಸ್ವಲ್ಪ ಮೂಗಿನಲ್ಲಿ:
ಯಾರಾದ್ರೂ ಬ್ರೆಡ್ ತಂದ್ರಾ?
ನಾಲ್ಕು ಎಣಿಸಿ ಏರಿಸಿದೆ.

ಈಗ ಸರಿಹೋಯಿತು.
ಹಿಂದೆ ಹಾಲು ತುಳುಕುವುದನ್ನು ನಿಲ್ಲಿಸುವವರೆಗೆ ಕೂತಿದ್ದು
ಗೇರು ಹಾಕಿದೆ. ಇನ್ನೂ ಮೂರು ಡೈರಿ ಬಾಕಿ.