ಎಲ್ಲಿ ಬರದೈತಿ

ಹಟ್ಟಿ ಕ್ಯಾಂಪಿನ ಚರ್ಚು, ಮೂರನೆಯ ಬೆಂಚು, ಗೋಡೆ ಕಡೆಯ ತುದಿ:
ತಬಿತಮ್ಮನ ಜಾಗ.
ಕನ್ನಡಕಕ್ಕೆ ಒಂದು ಕಡೆ ಕಡ್ಡಿ, ಇನ್ನೊಂದು ಕಡೆ ದಾರ.
ಮಡಿಲಲ್ಲಿ ವೇದದ ಪುಸ್ತಕ,
ಗಣಿ ಕ್ಯಾಂಟೀನಿನ ಹಳೆ ರೆಕ್ಸಿನ್ ಕತ್ತರಿಸಿ ಹೊದಿಸಿದ್ದು.

ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು,
ಅದೂ ಆ ಒಂದೇ ಪುಸ್ತಕದಿಂದ.
ಹಾಗಾಗಿ ಲಿಂಗಸುಗೂರು ಬಸ್ಸಿನ ಬೋರ್ಡನ್ನೂ
ಬೆರಳೆತ್ತಿ, ತುಟಿ ಅಲುಗಿಸಿ
ಪ್ರವಾದಿಯ ಮಾತಿನಂತೆ ಓದುತ್ತಿದ್ದಳು.
ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಆ ವರ್ಷ ಕಮಿಟಿ ಒಂದು ನಿಯಮ ಮಾಡಿತು:
ವಂತಿಗೆ ಬಾಕಿ ಇರುವ ಮನೆಯ ಹೆಣಕ್ಕೆ
ಕಾಂಪೌಂಡಿನೊಳಗೆ ಮಣ್ಣಿಲ್ಲ.
ಓದಿ ಹೇಳಿದವರು ಕಾರ್ಯದರ್ಶಿ, ನಮ್ಮಪ್ಪ.
ಹೊರಗೆ ಬೇವಿನ ಕೆಳಗೆ, ಪೆಟ್ಟಿಗೆಯಲ್ಲಿ, ಲೂಕಪ್ಪ.
ಇಪ್ಪತ್ತು ವರ್ಷ ಶಾಫ್ಟಿನ ಧೂಳು ಉಸಿರಾಡಿದವನು
ಈಗ ಕೆಮ್ಮದೆ ಕಾಯುತ್ತಿದ್ದ.

ತಬಿತಮ್ಮ ಎದ್ದಳು.
"ಎಲ್ಲಿ ಬರದೈತಿ?"
"ರಿಜಿಸ್ಟರಿನಾಗ ಐತಿ."
"ಅದು ನಿನ್ನ ಕೈಬರಹ, ಜಕರಪ್ಪ.
ಇದರಾಗ ಎಲ್ಲಿ ಐತಿ, ತೋರಸು."
ಫ್ಯಾನು ತಿರುಗಿತು.
ಪಾಸ್ಟರ್ ಎಲೀಷಪ್ಪನವರ ಹೆಬ್ಬೆರಳು
ಪುಟಗಳ ಅಂಚಿನ ಮೇಲೆ ಹೋಯಿತು, ಬಂತು.
ಕೊನೆಗೆ ಗುದ್ದಲಿ ತರಲು ಅವರೇ ಆಳು ಕಳಿಸಿದರು.

ಅಪ್ಪ ಅಂದು ಊಟ ಮಾಡಲಿಲ್ಲ.
ನಾನು ಮಾಡಿದೆ, ಪ್ರತಿ ತುತ್ತನ್ನೂ ಲೆಕ್ಕವಿಟ್ಟು.

ಕಾದೆ. ಬೇಸಿಗೆಯ ಒಂದು ಮನೆಪ್ರಾರ್ಥನೆ,
ಗಂಡ ಬಿಟ್ಟು ಹೋದ ಹುಡುಗಿಯ ತಲೆ ಸವರುತ್ತ ಅವಳೆಂದಳು:
"ಚಪ್ಪಲಿ ಇಲ್ಲದ ಕಾಲು ಬರೂದ್ರಾಗ
ದೇವರು ಹಾದಿ ತಂಪು ಮಾಡಿರ್ತಾನ.
ವೇದದಾಗ ಐತಿ, ಮಗಳ."

ಇಪ್ಪತ್ಮೂರರ ಪಂಡಿತ ನಾನು, ಬಾಗಿಲ ಬಳಿಯಿಂದ:
"ಎಲ್ಲಿ ಬರದೈತಿ, ಅಮ್ಮ?"

ನಕ್ಕಳು. ಪುಸ್ತಕ ತೆರೆದಳು. ಬೆರಳು ಇಟ್ಟಳು.
ಬೆರಳು ಅಲ್ಲೇ ನಿಂತಿತು.

ಮೊದಲ ಪುಟದಿಂದ ಹುಡುಕಿದಳು, ಒಂದೊಂದೇ ಸಾಲು.
ಎರಡನೇ ಶಿಫ್ಟಿನ ಸೈರನ್ ಕೂಗುವಾಗ ಅವಳ ಕಟ್ಟೆಯ ಮುಂದೆ ಹಾದರೆ
ಬೆರಳಿನ್ನೂ ಅರಸರ ಕಾಲದಲ್ಲಿ.
ಬಿಳಿಜೋಳ ಬಿತ್ತುವ ಹೊತ್ತಿಗೆ ಪ್ರವಾದಿಗಳ ನಡುವೆ.
ಪಾಸ್ಟರಿಗೆ ಮರುಕವಾಗಿ ಒಂದು ಜಾಗ ತೆಗೆದುಕೊಟ್ಟರು:
ನಲವತ್ತು ವರ್ಷ ಮರಳುಗಾಡಿನಲ್ಲಿ ಸವೆಯದ ಚಪ್ಪಲಿ.
"ಇಷ್ಟು ಸಾಕಲ್ಲಮ್ಮ?"
"ಸಮೀಪ ಐತ್ರಿ, ಅಯ್ಯ.
ಸಮೀಪ ಅಂದ್ರ ಅದಾ ಅಲ್ಲ."

ನಾನಾಗ ಅದಿರು ಪರೀಕ್ಷೆಯ ಲ್ಯಾಬಿನಲ್ಲಿದ್ದೆ.
ಕಲ್ಲು ಪುಡಿಮಾಡಿ, ಸೀಸ ಬೆರೆಸಿ, ಕುಲುಮೆಗಿಟ್ಟರೆ
ಮೂಳೆಬೂದಿಯ ಬಟ್ಟಲು ಸೀಸವನ್ನೆಲ್ಲ ಕುಡಿದು
ಸಾಸಿವೆಗಿಂತ ಸಣ್ಣದೊಂದು ಗುಂಡನ್ನು ಬಿಡುತ್ತದೆ.
ಮ್ಯಾನೇಜರಿಗೆ ಹೆಚ್ಚು ಬೇಕಿರುತ್ತಿತ್ತು.
ತಕ್ಕಡಿಗೆ ಅವರು ಯಾರೋ.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ, ಕಾಣಿಕೆ ಎತ್ತಿದ ಮೇಲೆ,
ಮೂರನೆಯ ಬೆಂಚು ಕಿರುಗುಟ್ಟಿತು.
"ಆ ಮಾತು ಇದರಾಗಿಲ್ಲ.
ಕಡೀ ಪುಟದ ತನಕ ನೋಡೀನಿ.
ನಮ್ಮವ್ವ ಅಂತಿದ್ಲು.
ವೇದ ಅಂತ ಹೇಳಿ ತಪ್ಪು ಮಾಡೀನಿ."
ಕೂತಳು.

ಗೆದ್ದಿದ್ದೆ. ಕೀರ್ತನೆ ಪುಸ್ತಕದಲ್ಲಿ ಮುಖ ಹುದುಗಿಸಿದೆ,
ಪುಸ್ತಕ ತಲೆಕೆಳಗಾಗಿತ್ತು.
ಪಕ್ಕದಲ್ಲಿ ಅಪ್ಪ ಮೆಲ್ಲಗೆ ಅದನ್ನು ತಿರುಗಿಸಿ ಕೊಟ್ಟರು.

ಅವಳ ಅವ್ವನ ವಿಷಯ ನನಗೆ ತಿಳಿದದ್ದು ಆಮೇಲೆ.
ದೇವದುರ್ಗದ ಕಡೆಯವಳು,
ಊರಿಗೆಲ್ಲ ಚಪ್ಪಲಿ ಹೊಲಿದ ಮನೆ,
ಗೌಡರ ಓಣಿ ಬಂದರೆ ತನ್ನ ಜೋಡನ್ನು
ಕೈಯಲ್ಲಿ ಹಿಡಿದು, ಕಾದ ಬಂಡೆಯ ಮೇಲೆ ನಡೆದವಳು.

ಹೋಗುವಾಗ ತಬಿತಮ್ಮ ಪುಸ್ತಕಕ್ಕೆ ನನ್ನ ಹೆಸರು ಹೇಳಿದಳಂತೆ.
ಯಾಕೆಂದು ಯಾರೂ ಕೇಳಲಿಲ್ಲ, ನಾನೂ.
ರೆಕ್ಸಿನ್ ಇನ್ನೂ ಚಹಾದ ವಾಸನೆ ಬಿಡುತ್ತದೆ.
ಅಂಚುಗಳಲ್ಲಿ ಒಂದು ಗೀಟೂ ಇಲ್ಲ.
ಕಡೆಯ ಆಮೆನ್ ದಾಟಿದ ಮೇಲೆ, ರಟ್ಟಿಗಿಂತ ಮುಂಚೆ,
ಅಚ್ಚು ಮುಟ್ಟದ ಒಂದು ಹಾಳೆ.
ಅಲ್ಲಿ, ಪೆನ್ಸಿಲಿನಲ್ಲಿ, ಒತ್ತಕ್ಷರ ತಪ್ಪಿ,
ಚಪ್ಪಲಿಯ ಮಾತು.
ಕೆಳಗೆ:
ಅವ್ವ ಅಂದದ್ದು.